ಸೋಬರ್ ಹೌಸ್‌ನಲ್ಲಿ 14 ತಿಂಗಳು: ಬಾಗಿಲ ಪುಸ್ತಕಕ್ಕೆ ಐದು ಸ್ಟಾರ್, ಮನೆಗೆ ಮೂರೂವರೆ

ಒಂದು ಕೋಣೆಗೆ ಎಷ್ಟು ಮಂಚ, ಎಂಟು ಜನಕ್ಕೆ ಎಷ್ಟು ಬಚ್ಚಲು, ಬಿಸಿನೀರು ಎಷ್ಟು ಹೊತ್ತಿನವರೆಗೆ ಅನ್ನೋದನ್ನೆಲ್ಲ ಸೇರುವ ಮೊದಲು ಸೋಬರ್ ಹೌಸ್‌ನವರೇ ಫೋನಿನಲ್ಲಿ ಹೇಳುತ್ತಾರೆ. ನಾನು ಮತ್ತೆ ಒದರುವುದಿಲ್ಲ. ಸೇರುವಾಗ ನನಗೆ 24. ಕುಡಿತ ನನ್ನ ಕಾಯಿಲೆ. ಕುಡಿತ ಬಿಡಿಸುವ ರಿಹ್ಯಾಬ್ ಎರಡು ಸಲ ಮುಗಿಸಿದ್ದೆ, ಎರಡು ಸಲವೂ ಹೊರಗೆ ಬಂದ ವಾರದೊಳಗೆ ಹಳೇ ಗುಂಪಿನ ಜೊತೆ ಕೂತಿದ್ದೆ. ಮೂರನೇ ಸಲ ಡಾಕ್ಟರು, "ಒಳಗಿದ್ದಾಗ ನೀನು ಚೆನ್ನಾಗೇ ಇರ್ತೀಯಪ್ಪಾ, ನಿನ್ನ ತೊಂದರೆ ಇರೋದು ಗೇಟಿನ ಆಚೆ" ಅಂದರು. ಆ ಮಾತಿನ ಬೆನ್ನು ಹತ್ತಿ ಈ ಸೋಬರ್ ಹೌಸ್‌ಗೆ, ಅಂದರೆ ನಶೆ ಬಿಟ್ಟವರು ಒಟ್ಟಿಗೆ ಇರುವ ಮನೆಗೆ ಬಂದೆ.

ಡಾಕ್ಟರಿಲ್ಲ, ನರ್ಸಿಲ್ಲ, ಚಿಕಿತ್ಸೆಯೂ ಇಲ್ಲ. ಮೂವತ್ತರೊಳಗಿನ ಎಂಟು ಹುಡುಗರು. ಹಲವು ವರ್ಷದ ಹಿಂದೆಯೇ ಕುಡಿತ ಬಿಟ್ಟ ಒಬ್ಬರು ಮನೆಯ ಮ್ಯಾನೇಜರ್, ಎಲ್ಲರ ಬಾಯಲ್ಲೂ ಅವರು ಅಣ್ಣ. ಬಾಡಿಗೆ ಕೊಡಬೇಕು, ಕೆಲಸಕ್ಕೋ ಓದಿಗೋ ಹೋಗಬೇಕು, ಮೀಟಿಂಗ್ ತಪ್ಪಿಸಬಾರದು, ಕುಡಿಯಬಾರದು. ಆಸ್ಪತ್ರೆಯೂ ಅಲ್ಲದ, ಸ್ವಂತ ಮನೆಯೂ ಅಲ್ಲದ ತ್ರಿಶಂಕು ಸ್ವರ್ಗ. ಸ್ವರ್ಗ ಅನ್ನೋದು ಸ್ವಲ್ಪ ಜಾಸ್ತಿಯಾಯಿತು.

ಈಗ ಪುಸ್ತಕದ ವಿಷಯ. ಮುಂಬಾಗಿಲ ಪಕ್ಕ ಗೋಡೆಗೊಂದು ಮೊಳೆ, ಮೊಳೆಗೆ ದಾರ, ದಾರಕ್ಕೆ ಪೆನ್ಸಿಲು. ಕೆಳಗೆ ಸ್ಟೂಲಿನ ಮೇಲೆ ಉದ್ದನೆಯ ಲೆಡ್ಜರ್. ಹೆಸರು, ಎಲ್ಲಿಗೆ, ಹೋದ ಹೊತ್ತು, ಬರುವ ಹೊತ್ತು, ಬಂದ ಹೊತ್ತು. ಮೊದಲ ದಿನ ಅದನ್ನು ನೋಡಿ ಮೈ ಉರಿಯಿತು. ವೋಟು ಹಾಕುವ ವಯಸ್ಸಿನವನು ಕಟಿಂಗ್‌ಗೆ ಹೋಗೋಕೂ ಬರೆದಿಟ್ಟು ಹೋಗಬೇಕಾ? ಮೊದಲ ಮೂರು ವಾರ ಎಲ್ಲಿಗೆ ಹೋದರೂ 'ಕೆಲಸ' ಅಂತಲೇ ಗೀಚಿದೆ. ಭಾನುವಾರವೂ 'ಕೆಲಸ'. ಯಾರೂ ಕೇಳಲಿಲ್ಲ, ನಾನು ಗೆದ್ದೆ ಅಂದುಕೊಂಡೆ.

ಆಮೇಲೊಂದು ಸಂಜೆ ಏಳಕ್ಕೆ ಬರುತ್ತೇನೆಂದು ಬರೆದವನು ಏಳೂ ಮುಕ್ಕಾಲಿಗೆ ಬಂದೆ. ಕುಡಿದಿರಲಿಲ್ಲ, ಸುಮ್ಮನೆ ತಡವಾಗಿತ್ತು. ನನ್ನ ಜೊತೆ ಅದುವರೆಗೆ ನಾಲ್ಕು ಮಾತೂ ಆಡದ ಹುಡುಗನೊಬ್ಬ ಮೆಟ್ಟಿಲ ಮೇಲೆ ಕೂತಿದ್ದ. "ಏಳಕ್ಕೆ ಅಂತ ಬರೆದಿದ್ದೆ, ಮಗಾ" ಅಂದ. ಎದ್ದ, ಪ್ಯಾಂಟು ಕೊಡವಿಕೊಂಡು ಒಳಗೆ ಹೋದ. ಅವನ ಕೋಣೆಯ ದೀಪ ಆರಿತು.

ಕುಡಿಯುತ್ತಿದ್ದ ಕೊನೆಯ ವರ್ಷ ನಮ್ಮಮ್ಮ ನನಗೋಸ್ಕರ ಎದ್ದಿರೋದನ್ನು ಬಿಟ್ಟಿದ್ದರು. ಅದರಲ್ಲಿ ಅವರ ತಪ್ಪಿಲ್ಲ, ಎಷ್ಟು ರಾತ್ರಿ ಅಂತ ಎದ್ದಿರುತ್ತಾರೆ. ಅಂಥವನಿಗೆ ಮೆಟ್ಟಿಲ ಮೇಲೆ ಕಾಯೋಕೆ ಯಾರೋ ಒಬ್ಬ. ಮಾರನೇ ದಿನದಿಂದ ಸರಿಯಾಗಿ ಬರೆಯೋಕೆ ಶುರುಮಾಡಿದೆ, ಕ್ರಮೇಣ ಅದು ಹುಚ್ಚೇ ಆಯಿತು. 'ಕಟಿಂಗ್, 5ರಿಂದ 6, ಕ್ಯೂ ಇದ್ದರೆ 6.20' ಅಂತ ಬರೆಯುವಷ್ಟು. ಬೇರೆಯವರ ಸಾಲುಗಳನ್ನೂ ಓದುತ್ತಿದ್ದೆ. ಒಬ್ಬ ಪ್ರತಿ ಗುರುವಾರ 'ಮಗಳು' ಅಂತಷ್ಟೇ ಬರೆದು ಹೋಗುತ್ತಿದ್ದ. ಇನ್ನೊಬ್ಬ 'ಸುಮ್ನೆ' ಅಂತ ಬರೆದ ದಿನ ಯಾರಾದರೂ ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆಯೇ ಹೊರಡುತ್ತಿದ್ದರು. 'ಸುಮ್ನೆ' ಅಂದರೆ ಏನೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಎರಡನೇ ಸುಖ ಪಾತ್ರೆ ತೊಳೆಯೋದು. ನಗಬೇಡಿ. ಕ್ರೇವಿಂಗ್, ಅಂದರೆ ಕುಡಿಯಲೇಬೇಕು ಅನ್ನೋ ತುಡಿತ, ಅಲೆ ಇದ್ದ ಹಾಗೆ, ಏರುತ್ತೆ, ಕಾಡುತ್ತೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತೆ. ಇದನ್ನು ರಿಹ್ಯಾಬ್‌ನಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಟ್ಟಿದ್ದರು, ಆಗ ತಲೆಗೆ ಹೋಗಿರಲಿಲ್ಲ. ಎಂಟು ಜನರ ರಾತ್ರಿ ಪಾತ್ರೆಗೆ ನನಗೆ ಹಿಡಿಯೋದು 35 ನಿಮಿಷ. ಮೊದಲು ಲೋಟ, ಆಮೇಲೆ ತಟ್ಟೆ, ತಳ ಹಿಡಿದದ್ದು ಕೊನೆಗೆ. ತಳ ಹಿಡಿದದ್ದರ ಹತ್ತಿರ ಬರುವಷ್ಟರಲ್ಲಿ ಅಲೆ ಇಳಿದಿರುತ್ತಿತ್ತು. ಬೇರೆಯವರ ಪಾಳಿಯನ್ನೂ ಕೇಳಿ ಪಡೆಯುತ್ತಿದ್ದೆ. ನನ್ನನ್ನು ಭಾರಿ ಒಳ್ಳೆಯವನೆಂದು ಅವರು ತಿಳಿದುಕೊಂಡಿದ್ದರು.

ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ: ಹಸಿವಾ, ಸಿಟ್ಟಾ, ಒಂಟಿತನವಾ, ದಣಿವಾ? ಕುಡಿಯಬೇಕು ಅನ್ನಿಸಿದಾಗ ಈ ನಾಲ್ಕರಲ್ಲಿ ಯಾವುದು ಅಂತ ಮೊದಲು ನೋಡಿಕೋ ಅನ್ನೋದು ಈ ದಾರಿಯಲ್ಲಿ ನಡೆಯುವವರ ಹಳೇ ಲೆಕ್ಕ. ನನ್ನದು ಮುಕ್ಕಾಲು ಪಾಲು ಹಸಿವೇ ಆಗಿರುತ್ತಿತ್ತು. ಇಷ್ಟು ಸಣ್ಣ ವಿಷಯಕ್ಕೆ ಐದು ವರ್ಷ ಹಾಳು ಮಾಡಿಕೊಂಡೆನಾ ಅಂತ ಎಷ್ಟೋ ಸಲ ಫ್ರಿಜ್ಜಿನ ಮುಂದೆ ನಿಂತು ನಕ್ಕಿದ್ದೇನೆ.

ಟೆಸ್ಟಿಗೆ ಬೇಗ ಒಗ್ಗಿಹೋದೆ. ರಾತ್ರಿ ಊದೋ ಮೆಷಿನ್, ಆಗೊಮ್ಮೆ ಈಗೊಮ್ಮೆ ಹೇಳದೆ ಕೇಳದೆ ಮೂತ್ರ ಪರೀಕ್ಷೆ. ಮದ್ಯ ಇಳಿದುಹೋದ ಮೇಲೂ ದೇಹದಲ್ಲಿ ಅದರ ಗುರುತೊಂದು ಉಳಿಯುತ್ತೆ. ಶುಕ್ರವಾರ ರಾತ್ರಿ ಜೋರಾಗಿ ಕುಡಿದದ್ದನ್ನು ಸೋಮವಾರದ ಮೂತ್ರ ಹಿಡಿದುಕೊಡಬಹುದು. ಹಾಗಾಗಿ ಜಾಣತನ ನಡೆಯೋದಿಲ್ಲ. ಒಂದು ಕಿವಿಮಾತು: ಮದ್ಯಸಾರ ಇರುವ ಮೌತ್‌ವಾಶ್, ಕೆಮ್ಮಿನ ಸಿರಪ್ ಮನೆಯೊಳಗೆ ತರಲೇಬೇಡಿ. ನಾನು ಮೊದಲ ತಿಂಗಳು ಬಾಯಿ ಮುಕ್ಕಳಿಸಿ ನೇರ ಹೋಗಿ ಊದಿದೆ, ಮೆಷಿನ್ ಕಿರುಚಿಕೊಂಡಿತು. ಬಾಯಲ್ಲಿ ಉಳಿದದ್ದು ಹಾರಿಹೋಗಲು ಕಾಲು ಗಂಟೆ ಬೇಕು. ಆ ಕಾಲು ಗಂಟೆ ಏಳು ಜನ ನನ್ನನ್ನು ನೋಡುತ್ತಾ ಕೂತಿದ್ದರು. ಮತ್ತೆ ಊದಿದಾಗ ಸೊನ್ನೆ. ಏಳೂ ಜನ ಏನೂ ಆಗದವರ ಹಾಗೆ ಎದ್ದು ಟೀ ಮಾಡಿಕೊಳ್ಳಲು ಹೋದರು.

ಇಲ್ಲಿಗೇ ನಿಲ್ಲಿಸಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ.

ಎಂಟನೇ ತಿಂಗಳು ನನ್ನ ರೂಮ್‌ಮೇಟ್ ಜಾರಿದ. ಅವನದು ಕುಡಿತವಲ್ಲ, ಅಫೀಮಿನ ಜಾತಿಯ ನೋವಿನ ಮಾತ್ರೆ. ರಾತ್ರಿ ಟೆಸ್ಟಿನಲ್ಲಿ ಬಂತು, ಅವನೂ ಒಪ್ಪಿಕೊಂಡ. ನಿಯಮದ ಪ್ರಕಾರ ಅರ್ಧ ಗಂಟೆಯಲ್ಲಿ ಬ್ಯಾಗ್ ಕಟ್ಟಿಕೊಂಡು ಹೊರಡಬೇಕು. ರಾತ್ರಿ ಹನ್ನೊಂದೂ ಮುಕ್ಕಾಲು. ಬಟ್ಟೆ ಮಡಚಿ ಕೊಟ್ಟವನು ನಾನೇ. "ಚಾರ್ಜರ್ ಮರೀಬೇಡ" ಅಂದೆ. ಅಷ್ಟು ಹೊತ್ತು ಯೋಚಿಸಿ ನನಗೆ ಹೊಳೆದ ಮಾತು ಅದೊಂದೇ. ಅವನು ಬಾಗಿಲ ಹತ್ತಿರ ನಿಂತು, ಅಭ್ಯಾಸ ಬಲ ನೋಡಿ, ಪುಸ್ತಕದಲ್ಲಿ ಬರೆದ. ಹೆಸರು, ಹೋದ ಹೊತ್ತು. 'ಎಲ್ಲಿಗೆ' ಕಾಲಂ ಖಾಲಿ. ಅವನಿಗೇ ಗೊತ್ತಿರಲಿಲ್ಲ.

ಗೊತ್ತಿಲ್ಲದವನು ಎಲ್ಲಿಗೆ ಹೋಗುತ್ತಾನೆ, ಹಳೇ ಜಾಗಕ್ಕೇ ಹೋದ. ಎಂಟು ತಿಂಗಳು ಬಿಟ್ಟ ಮೈಗೆ ಹಿಂದಿನ ತಾಳಿಕೆ ಇರೋದಿಲ್ಲ. ಕೈ ಮಾತ್ರ ಹಿಂದಿನ ಪ್ರಮಾಣವನ್ನೇ ಎತ್ತಿಕೊಳ್ಳುತ್ತೆ. ನಿನ್ನೆ ಮೊನ್ನೆವರೆಗೂ ದಿನಾ ತೆಗೆದುಕೊಳ್ಳುತ್ತಿದ್ದವನಿಗಿಂತ, ಬಿಟ್ಟು ಮತ್ತೆ ಶುರುಮಾಡಿದವನಿಗೇ ಉಸಿರು ನಿಂತು ಸಾಯುವ ಅಪಾಯ ಹೆಚ್ಚಾಗೋದು ಇದಕ್ಕೇ. ಎರಡು ದಿನ ಬಿಟ್ಟು ಅವನ ಅಣ್ಣ ಫೋನ್ ಮಾಡಿದರು: ಆಸ್ಪತ್ರೆಯಲ್ಲಿದ್ದಾನೆ, ಅಂಥ ಮಾತ್ರೆಯ ಅಮಲನ್ನು ಇಳಿಸುವ ಔಷಧಿ ನಾಲೊಕ್ಸೋನ್ ಕೊಟ್ಟು ಉಳಿಸಿಕೊಂಡರಂತೆ, ಬದುಕಿದ್ದಾನೆ.

ಆ ವಾರ ಮ್ಯಾನೇಜರ್ ಅಣ್ಣನ ಮುಖ ನೋಡಲಿಲ್ಲ. ರಾತ್ರಿಯೆಲ್ಲ ಫೋನು ಹಿಡಿದು ಈ ನಿಯಮ ಯಾರು ಮಾಡಿದ್ದು ಅಂತ ಹುಡುಕಿದೆ. ಇಂಥ ಮನೆಗಳಲ್ಲಿ ಹೆಸರುವಾಸಿಯಾದ ಆಕ್ಸ್‌ಫರ್ಡ್ ಹೌಸ್ ಅಮೆರಿಕದ ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನಲ್ಲಿ 1975ರಲ್ಲಿ ಶುರುವಾದದ್ದು. ಮನೆ ನಡೆಸೋದು ಅಲ್ಲಿರುವವರೇ, ಮತ ಹಾಕಿ. ಖರ್ಚೂ ಅವರದ್ದೇ. ಮತ್ತೆ ಶುರುಮಾಡಿದವನು ತಕ್ಷಣ ಹೊರಗೆ. ಇಷ್ಟಕ್ಕೆ ಬದ್ಧನಾಗಿದ್ದರೆ ಎಷ್ಟು ಕಾಲ ಬೇಕಾದರೂ ಇರಬಹುದು, ಗಡುವಿಲ್ಲ. ನಮ್ಮ ಮನೆಯವರು ಹೊರಗೆ ಹಾಕುವ ಆ ಮೂರನೆಯದನ್ನು ಮಾತ್ರ ಚೆನ್ನಾಗಿ ಕಲಿತಿದ್ದರು.

ಇಂಥ ಮನೆ ಕೆಲಸ ಮಾಡುತ್ತೆ ಅನ್ನೋದಕ್ಕೂ ಪುರಾವೆ ಸಿಕ್ಕಿತು, ಸಿಟ್ಟಿನಲ್ಲಿದ್ದವನಿಗೆ ಅದು ಇನ್ನೂ ಕಹಿ. ಡಿಪಾಲ್ ವಿಶ್ವವಿದ್ಯಾಲಯದ ಲೆನರ್ಡ್ ಜೇಸನ್ ಮತ್ತು ಸಂಗಡಿಗರು ಚಿಕಿತ್ಸೆ ಮುಗಿಸಿದ 150 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲನ್ನು ಆಕ್ಸ್‌ಫರ್ಡ್ ಹೌಸ್‌ಗಳಿಗೆ, ಇನ್ನೊಂದನ್ನು ಮಾಮೂಲಿ ಹೊರರೋಗಿ ಆರೈಕೆಗೆ ಕಳಿಸಿದ್ದರು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡು ವರ್ಷದ ಮೇಲೆ ನೋಡಿದರೆ ಮನೆಗಳಿಗೆ ಹೋದವರಲ್ಲಿ ಮತ್ತೆ ಬಳಸುತ್ತಿದ್ದವರು ಶೇ 31.3, ಇನ್ನೊಂದು ಪಾಲಿನಲ್ಲಿ ಶೇ 64.8. ಅರ್ಧಕ್ಕರ್ಧ ಇಳಿದಿದೆ. ನಾನು ಈಗ ಕೂತು ಇದನ್ನು ಬರೆಯುತ್ತಿರೋದೂ ಆ ಲೆಕ್ಕದ ಒಳ್ಳೆಯ ಕಡೆಯಿಂದಲೇ. ಆದರೆ ಆ 31.3ರವರು ಆ ರಾತ್ರಿ ಎಲ್ಲಿಗೆ ಹೋದರು? ಕುಡಿದು ಬಂದವನ ಪಕ್ಕ ಮಲಗಿ ನಾನು ಕುಡಿಯದೆ ಇರಲಾರೆ, ಒಪ್ಪುತ್ತೇನೆ. ಅವನನ್ನು ಹೊರಗೆ ಕಳಿಸೋದು ಉಳಿದ ಏಳು ಜನರ ಜೀವದ ಪ್ರಶ್ನೆ. ಕಳಿಸೋದಕ್ಕೂ ಬೀದಿಗೆ ಬಿಡೋದಕ್ಕೂ ವ್ಯತ್ಯಾಸ ಇಲ್ಲವಾ? ಯಾರು ಎಷ್ಟು ಹೊತ್ತಿಗೆ ಎಲ್ಲಿಗೆ ಹೋದರು ಅಂತ ಅಷ್ಟು ಚಂದ ಬರೆದಿಡುವ ಮನೆ, ಎಲ್ಲಕ್ಕಿಂತ ಬರೆಯಲೇಬೇಕಾಗಿದ್ದ ರಾತ್ರಿ ಆ ಕಾಲಂ ಖಾಲಿ ಬಿಟ್ಟಿತು.

ಇದನ್ನೇ ಮುಂದಿನ ಭಾನುವಾರದ ಸಭೆಯಲ್ಲಿ ಪುಸ್ತಕ ಎತ್ತಿ ಹಿಡಿದು ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ. ಅಣ್ಣ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನ್ನನ್ನೂ ಹೀಗೇ ಕಳಿಸಿದ್ರು ಕಣೋ" ಅಂದರು. ಅಷ್ಟೇ. ನಿಯಮ ಬದಲಾಗಲು ಇನ್ನೂ ಎರಡು ಸಭೆ ಬೇಕಾಯಿತು. ಈಗ ಜಾರಿದವನು ಹೊರಡಲೇಬೇಕು, ಆದರೆ ಇಬ್ಬರು ಅವನ ಜೊತೆ ಹೋಗಿ ಆಸ್ಪತ್ರೆಗೋ ಡಿ-ಅಡಿಕ್ಷನ್ ಸೆಂಟರಿಗೋ ಮನೆಯವರ ಕೈಗೋ ಒಪ್ಪಿಸಿ ಬರಬೇಕು, 'ಎಲ್ಲಿಗೆ' ತುಂಬಿಸಬೇಕು. ಅಡುಗೆಮನೆಯ ಫಸ್ಟ್ ಏಡ್ ಡಬ್ಬಿಯಲ್ಲಿ ನಾಲೊಕ್ಸೋನ್ ಇದೆ, ಎಂಟೂ ಜನಕ್ಕೆ ಕೊಡೋದು ಗೊತ್ತು. ಅದಕ್ಕೇ ಮೂರೂವರೆ. ಇಲ್ಲದಿದ್ದರೆ ಒಂದು.

ದುಡ್ಡಿನ ಮಾತು: ನನ್ನ ಸಂಬಳದ ಅರ್ಧಕ್ಕೆ ಸ್ವಲ್ಪ ಕಡಿಮೆ ಹೋಗುತ್ತಿತ್ತು. ಕುಡಿಯುವಾಗ ಇದಕ್ಕಿಂತ ಹೆಚ್ಚು ಹೋಗುತ್ತಿತ್ತು ಅನ್ನೋದು ನಿಜ, ಆದರೆ ಅದಕ್ಕೆ ರಸೀದಿ ಇರಲಿಲ್ಲ, ಹಾಗಾಗಿ ನೋವೂ ಇರಲಿಲ್ಲ. ಕೆಲಸ ಇಲ್ಲದವನಿಗೆ ಮೊದಲ ಎರಡು ತಿಂಗಳು ಕಷ್ಟ. ಮನೆಯವರ ಕೈಯಲ್ಲಿ ಕೊಡಿಸಿಕೊಳ್ಳಬೇಕು, ಆ ಮಾತುಕತೆ ಟೆಸ್ಟಿಗಿಂತ ಕಷ್ಟ.

ಸೇರುವ ಮೊದಲು ಎರಡು ಪ್ರಶ್ನೆ ಕೇಳಿ. ನಾಲ್ಟ್ರೆಕ್ಸೋನ್, ಬ್ಯುಪ್ರೆನಾರ್ಫಿನ್ ಥರ ಚಟ ಹತೋಟಿಯಲ್ಲಿಡಲು ಡಾಕ್ಟರು ಬರೆದುಕೊಟ್ಟ ಔಷಧಿ ತೆಗೆದುಕೊಳ್ಳುವವರಿಗೆ ಜಾಗ ಕೊಡುತ್ತೀರಾ? ಕೆಲವು ಮನೆಗಳು ಅದನ್ನೂ ನಶೆ ಅಂತಲೇ ಲೆಕ್ಕ ಹಾಕಿ ಬಾಗಿಲು ಹಾಕುತ್ತವೆ. ಅಂಥ ಕಡೆ ಸೇರಲು ಔಷಧಿ ನಿಲ್ಲಿಸಬೇಡಿ, ಬೇರೆ ಮನೆ ಹುಡುಕಿ. ಎರಡನೆಯದು: ಮಧ್ಯರಾತ್ರಿ ಒಬ್ಬ ಜಾರಿ ಬಂದರೆ ಅವನನ್ನು ಎಲ್ಲಿಗೆ ಕಳಿಸುತ್ತೀರಿ? "ಅದು ಅವನ ಕರ್ಮ" ಅನ್ನುವ ಅರ್ಥದ ಉತ್ತರ ಬಂದರೆ ಫೋನ್ ಇಟ್ಟುಬಿಡಿ.

ರೂಮ್‌ಮೇಟ್ ಈಗ ಬೇರೊಂದು ಮನೆಯಲ್ಲಿದ್ದಾನೆ, ಆರನೇ ತಿಂಗಳು. ಅಲ್ಲಿ ಪುಸ್ತಕ ಇಲ್ಲವಂತೆ, ಫೋನಿನಲ್ಲಿ ಆ್ಯಪ್. "ಮಜಾ ಇಲ್ಲ ಮಗಾ" ಅನ್ನುತ್ತಾನೆ. ನಾನು ಹೋದ ತಿಂಗಳು ಖಾಲಿ ಮಾಡಿ ಹತ್ತಿರದಲ್ಲೇ ಒಂದು ಕೋಣೆ ಹಿಡಿದಿದ್ದೇನೆ, ಬುಧವಾರ ರಾತ್ರಿ ಪಾತ್ರೆ ತೊಳೆಯಲು ಈಗಲೂ ಹೋಗುತ್ತೇನೆ.

ಆ ಪೆನ್ಸಿಲು ಮಾತ್ರ ಯಾವತ್ತೂ ಮೊಂಡು, ಮೆಂಡರ್ ಎಲ್ಲಿದೆ ಅಂತ 14 ತಿಂಗಳಲ್ಲಿ ಯಾರೂ ಹೇಳಲಿಲ್ಲ. ಸೇರುವವರು ಒಂದು ಪೆನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ.