ಸೊಪ್ಪು ಬಿಡಿಸಲು ಕಲಿಸುವ ನಮ್ಮೂರ ಅಂಗನವಾಡಿ

ಕಳೆದ ಜೂನ್‌ನಲ್ಲಿ ಅಂಗನವಾಡಿಗೆ ಸೇರಿದಾಗ ನನ್ನ ಮೊಮ್ಮಗಳಿಗೆ ಮೂರು ವರ್ಷ ಎರಡು ತಿಂಗಳು, ತೂಕ 10.6 ಕಿಲೋ. ಟೀಚರಮ್ಮ ಅವಳನ್ನು ತಕ್ಕಡಿಯಿಂದ ಇಳಿಸಿ ಬೆಳವಣಿಗೆಯ ಪಟದಲ್ಲಿ ಚುಕ್ಕೆ ಇಟ್ಟರು. ಚುಕ್ಕೆ ಹಳದಿ ಪಟ್ಟಿಯಲ್ಲಿ ಬಿತ್ತು, ಅಂದರೆ ವಯಸ್ಸಿಗೆ ತಕ್ಕ ತೂಕವಿಲ್ಲ. ಅದಕ್ಕೆ ಮೊದಲು ನಾಲ್ಕು ತಿಂಗಳು ಅವಳು ಪಟ್ಟಣದ ಒಂದು ಖಾಸಗಿ ನರ್ಸರಿಗೆ ವ್ಯಾನಿನಲ್ಲಿ ಹೋಗುತ್ತಿದ್ದಳು. ಡಬ್ಬಿಯಲ್ಲಿ ಬಿಸ್ಕತ್ತು, ಅದರಲ್ಲೂ ಅರ್ಧ ಮನೆಗೆ ವಾಪಸ್. ತಟ್ಟೆಯಲ್ಲಿ ಸೊಪ್ಪಿನ ಎಸಳು ಕಂಡರೆ ಬಾಯಿ ಬಿಗಿಯುತ್ತಿದ್ದಳು.

ಮಗಳು ನಂಜನಗೂಡಿನ ಗಾರ್ಮೆಂಟ್ಸ್‌ಗೆ ಬೆಳಗಾಗುತ್ತಲೇ ಹೊರಡುತ್ತಾಳೆ. ಕಂಡಕ್ಟರ್ ಕೆಲಸದಿಂದ ನಿವೃತ್ತನಾಗಿರುವ ನಾನೇ ಮಗುವನ್ನು ಅಂಗನವಾಡಿಗೆ ಬಿಡುವವನು. ಬಿಟ್ಟು ತಕ್ಷಣ ಬಂದ ದಿನಗಳಿಗಿಂತ ಅಲ್ಲಿನ ಜಗಲಿಯಲ್ಲಿ ಕುಳಿತು ನೋಡಿದ ದಿನಗಳೇ ಹೆಚ್ಚು. ಆ ನೋಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಂಕ ಕೊಡಬೇಕೆಂದರೆ ಅಡುಗೆಗೆ ಐದಕ್ಕೆ ನಾಲ್ಕು, ಮಕ್ಕಳಿಗೆ ಊಟ ಕಲಿಸುವ ರೀತಿಗೆ ಐದಕ್ಕೆ ಐದು.

ನಮ್ಮದು ತಿರುಮಕೂಡಲು ನರಸೀಪುರ ತಾಲ್ಲೂಕು. ರಾಜ್ಯದ ಮೊದಲ ಅಂಗನವಾಡಿಗಳು 1975ರ ಅಕ್ಟೋಬರ್ 2ರಂದು ಆರಂಭವಾದದ್ದು ಇಲ್ಲಿಯೇ, ನೂರು ಕೇಂದ್ರಗಳೊಂದಿಗೆ. ಆಗ ಹುಡುಗನಾಗಿದ್ದ ನಾನು ಕೊನೆಯ ತಂಗಿಯನ್ನು ಸೊಂಟದ ಮೇಲೆ ಹೊತ್ತು ಪಕ್ಕದ ಕೇರಿಯ ಕೇಂದ್ರಕ್ಕೆ ಬಿಟ್ಟು ಬರುತ್ತಿದ್ದೆ. ಆದ್ದರಿಂದ ಈ ಹೊಸ್ತಿಲು ನನಗೆ ಹೊಸದಲ್ಲ.

ಅಡುಗೆ ಮಾಡುವ ಸಹಾಯಕಿ ನಮ್ಮೂರಿನವರೇ. ಬೆಳಿಗ್ಗೆ ಹಾಲು ಕುಡಿದಾದ ಮೇಲೆ ಅವರು ಮೊರ ಹಿಡಿದು ನೆಲದ ಮೇಲೆ ಕೂರುತ್ತಾರೆ, ಸುತ್ತ ಹದಿನೆಂಟು ಮಕ್ಕಳು. ದಂಟಿನ ಸೊಪ್ಪು ಬಂದ ದಿನ ಎಲ್ಲರ ಕೈಗೂ ಒಂದೊಂದು ಗಿಡ. ಹುಳು ತಿಂದ ಎಲೆ ಒಂದು ಕಡೆಗೆ, ಒಳ್ಳೆಯ ಎಲೆ ಮೊರಕ್ಕೆ, ಬೇರು ಹೊರಗೆ ಕಾಯುತ್ತಿರುವ ಮೇಕೆಗೆ. ಮಕ್ಕಳು ಅರ್ಧ ಎಲೆಯನ್ನು ನೆಲಕ್ಕೆ ಚೆಲ್ಲುತ್ತಾರೆ, ಅದನ್ನೆಲ್ಲ ಆಯ್ದು ನಾಲ್ಕು ನೀರಿನಲ್ಲಿ ತೊಳೆಯುವ ಕೆಲಸ ಸಹಾಯಕಿಯ ಪಾಲಿಗೇ ಬರುತ್ತದೆ. ತಾವೊಬ್ಬರೇ ಕುಳಿತರೆ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಒಮ್ಮೆಯೂ ಗದರಿದ್ದನ್ನು ನಾನು ಕಂಡಿಲ್ಲ.

ಆಗಸ್ಟ್‌ನಲ್ಲಿ ಒಂದು ಮಧ್ಯಾಹ್ನ ಬೇಳೆಯ ಜೊತೆ ಬೇಯಿಸಿ ಮಸೆದ ಸೊಪ್ಪನ್ನು ಅನ್ನಕ್ಕೆ ಹಾಕಿದ್ದರು. ನಮ್ಮ ಹುಡುಗಿ ತಟ್ಟೆಯಲ್ಲಿ ಬೆರಳಾಡಿಸಿ ಒಂದು ಎಳೆಯನ್ನು ಎತ್ತಿ ಹಿಡಿದು, "ತಾತ, ಇದು ನಾನು ಬಿಡಿಸಿದ ಸೊಪ್ಪು" ಎಂದಳು. ಆ ಎಳೆ ಅವಳದೇ ಎಂದು ಹೇಗೆ ಗೊತ್ತಾಯಿತೋ! ಬಾಯಿಗೆ ಹಾಕಿಕೊಂಡು ಅಗಿದು ನುಂಗಿದಳು. ಮನೆಯಲ್ಲಿ ಕಥೆ ಹೇಳಿ, ಚಂದಿರನನ್ನು ತೋರಿಸಿ, ಮೊಬೈಲ್ ಕೊಟ್ಟು ನಾವು ಮಾಡಲಾಗದೆ ಹೋದದ್ದು ಅದು. ಈಗ ಅಡುಗೆಮನೆಯಲ್ಲಿ ನುಗ್ಗೆ ಸೊಪ್ಪಿನ ವಾಸನೆ ಬಂದರೆ ಕಡ್ಡಿಯಿಂದ ಎಲೆ ಉದುರಿಸಲು ತಾನೇ ಬಂದು ಕೂರುತ್ತಾಳೆ.

ಪುಷ್ಯ ಮಾಸದ ಅವರೆಕಾಯಿ ದಿನಗಳನ್ನು ನೋಡಬೇಕಿತ್ತು. ರೈತರೊಬ್ಬರು ಹೊಲದಿಂದ ನೇರವಾಗಿ ಒಂದು ಚೀಲ ಸೊಗಡಿನ ಕಾಯಿ ತಂದು ಸುರಿದರು. ಸುಲಿದ ಕಾಳನ್ನು ರಾತ್ರಿಯೆಲ್ಲ ನೆನೆಸಿ, ಮಾರನೆಯ ದಿನ ಮಕ್ಕಳ ಕೈಯಲ್ಲಿ ಹಿದುಕಿಸಿದರು. ಬೆರಳ ತುದಿಯಲ್ಲಿ ಒತ್ತಿದರೆ ಬೇಳೆ ಪುಟ್ಟನೆ ಹಾರಿ ಬಟ್ಟಲಿಗೆ ಬೀಳುತ್ತದೆ. ಪೆನ್ಸಿಲ್ ಹಿಡಿಯುವ ಬೆರಳುಗಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ ಎಂದು ಟೀಚರಮ್ಮ ಹೇಳಿದರು. ಕಾಳು ಮೂಗಿಗೆ, ಕಿವಿಗೆ ಹೋಗಬಾರದೆಂದು ಮಕ್ಕಳನ್ನು ದೂರ ದೂರ ಕೂರಿಸಿ, ಒಬ್ಬೊಬ್ಬರಿಗೆ ಹತ್ತೇ ಕಾಳು ಎಣಿಸಿ ಕೊಟ್ಟು, ಹತ್ತು ಬೇಳೆಯನ್ನೂ ಎಣಿಸಿ ತೆಗೆದುಕೊಂಡರು. ಆ ಎಚ್ಚರಿಕೆ ನನಗೆ ತುಂಬ ಹಿಡಿಸಿತು.

ಕಟ್ಟಡದ ಹಿಂದೆ ನಾಲ್ಕು ಮಡಿಗಳಿವೆ. ಮೆಂತ್ಯ, ದಂಟು, ಕೊತ್ತಂಬರಿ, ಒಂದರಲ್ಲಿ ಟೊಮೆಟೊ. ಮಕ್ಕಳು ಕೈ ತೊಳೆದ ನೀರು ಅಲ್ಲಿಗೇ ಹರಿಯುತ್ತದೆ. ಮೊದಲ ಸಲ ಬಿತ್ತಿದ್ದನ್ನು ಅದೇ ಮೇಕೆ ಮೇಯ್ದು ಹೋದಾಗ ಮಕ್ಕಳೆಲ್ಲ ಅತ್ತರು. ಹೊಳೆಯಲ್ಲಿ ಮೀನು ಹಿಡಿಯುವ ಒಬ್ಬ ತಂದೆ ಹಳೆಯ ಬಲೆ ತಂದು ಸುತ್ತ ಕಟ್ಟಿದ ಮೇಲೆ ಬೆಳೆ ಉಳಿಯಿತು. ಅಷ್ಟು ಮಡಿಗಳಿಂದ ಹದಿನೆಂಟು ಮಕ್ಕಳ ಹೊಟ್ಟೆ ತುಂಬುವುದಿಲ್ಲ, ನಿಜ. ಆದರೆ ಬೀಜ ಇಟ್ಟ ಮೂರನೆಯ ದಿನಕ್ಕೆ ಮೆಂತ್ಯ ತಲೆ ಎತ್ತಿದ್ದನ್ನು ಮಕ್ಕಳು ಕಣ್ಣಾರೆ ಕಂಡಿದ್ದಾರೆ.

ಒಂದು ಅಂಕ ಏಕೆ ಕಡಿಮೆ ಎಂದರೆ, ಸರಬರಾಜಿನ ವಿಷಯದಲ್ಲಿ ನನಗೆ ಬೇಸರವಿದೆ. ವಾರಕ್ಕೆ ಎರಡು ಸಲ ಬರಬೇಕಾದ ಮೊಟ್ಟೆ ನವೆಂಬರ್‌ನಲ್ಲಿ ಎರಡು ವಾರ ಬರಲೇ ಇಲ್ಲ. ಟೀಚರಮ್ಮ ತಮ್ಮ ಕೈಯಿಂದ ಹಣ ಹಾಕಿ ಅಂಗಡಿಯಿಂದ ತಂದರು. ಅವರ ಗೌರವಧನ ಎಷ್ಟೆಂದು ಬಲ್ಲವರಿಗೆ ಇದು ಎಂಥ ಅನ್ಯಾಯ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಮ್ಮೆ ಗ್ಯಾಸ್ ಮುಗಿದು ಐದು ದಿನ ಸೌದೆ ಒಲೆ ಉರಿಯಿತು. ಮಕ್ಕಳು ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಕುಳಿತಿದ್ದರು.

ಹಾಲಿನ ಮಾತೂ ಇದೆ. 2013ರ ಆಗಸ್ಟ್‌ನಲ್ಲಿ ಮಕ್ಕಳಿಗೆ ಹಾಲು ಕೊಡುವ ಸರ್ಕಾರದ ಯೋಜನೆ ಕ್ಷೀರಭಾಗ್ಯ ಆರಂಭವಾದಾಗಿನಿಂದ ಮಕ್ಕಳಿಗೆ 150 ಮಿಲಿಲೀಟರ್ ಹಾಲು ಸಿಗುತ್ತಿದೆ. ದೊಡ್ಡ ಉಪಕಾರ. ಆದರೆ ಅದು ಪುಡಿ ಕಲಸಿದ ಹಾಲು. ಅಂಗನವಾಡಿಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ನಮ್ಮ ಹಾಲಿನ ಡೇರಿ ಇದೆ, ಬೆಳಿಗ್ಗೆ ಏಳಕ್ಕೆ ಕ್ಯಾನುಗಳು ಲಾರಿ ಹತ್ತುತ್ತವೆ. ಪುಡಿ ಕೆಡುವುದಿಲ್ಲ, ದೂರದ ಊರುಗಳಿಗೂ ತಲುಪುತ್ತದೆ, ಒಪ್ಪುತ್ತೇನೆ. ಡೇರಿ ಇರುವ ಊರಿನಲ್ಲಾದರೂ ಮೂರು ಲೀಟರ್ ಹಾಲನ್ನು ಇಲ್ಲೇ ಇಳಿಸಿಕೊಂಡು ಕಾಯಿಸಲು ಅವಕಾಶ ಕೊಡಬೇಕು. ರಾಗಿಯ ವಿಷಯದಲ್ಲೂ ಹಾಗೆಯೇ. ನಾಲೆ ನೀರು ಹತ್ತದ ನಮ್ಮ ಹೊಲಗಳಲ್ಲಿ ಬೆಳೆಯುವ ರಾಗಿಯ ನೂರು ಗ್ರಾಮಿನಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶವಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ಎಲುಬು ಬೆಳೆಯುವ ವಯಸ್ಸಿನ ಮಕ್ಕಳ ತಟ್ಟೆಯಲ್ಲಿ ವಾರವಿಡೀ ಅನ್ನವೇ ಇರುವುದನ್ನು ನೋಡಿದರೆ ಸಂಕಟವಾಗುತ್ತದೆ. ಅಂಗನವಾಡಿಯನ್ನು ನೋಡಿಕೊಳ್ಳಲು ಊರಿನವರೇ ಇರುವ ಬಾಲವಿಕಾಸ ಸಮಿತಿಯ ಸಭೆಯಲ್ಲಿ ಇದನ್ನು ಎರಡು ಸಲ ಹೇಳಿದ್ದೇನೆ, ಮುಂದಿನ ಸಭೆಯಲ್ಲೂ ಹೇಳುತ್ತೇನೆ.

ಈ ಜೂನ್‌ನ ತೂಕ 12.9 ಕಿಲೋ, ಚುಕ್ಕೆ ಹಸಿರು ಪಟ್ಟಿಯಲ್ಲಿ. ಮನೆಯ ಊಟವೂ ಸೇರಿಯೇ ಬಂದ ತೂಕ ಅದು. ಆದರೆ ಮನೆಯಲ್ಲಿ ಉಣ್ಣುವ ಆಸೆ ಹುಟ್ಟಿದ್ದು ಅಂಗನವಾಡಿಯ ಮೊರದ ಮುಂದೆ.

ಹೊಸದಾಗಿ ಸೇರಿಸುವವರು ಮೊದಲ ವಾರ ಅಡುಗೆಯ ಹೊತ್ತಿಗೆ ಅರ್ಧ ಗಂಟೆ ಬಂದು ಕುಳಿತುಕೊಳ್ಳಿ, ಯಾರೂ ಬೇಡ ಎನ್ನುವುದಿಲ್ಲ. ಮಗುವಿನ ತಟ್ಟೆ ಲೋಟಕ್ಕೆ ಹೆಸರು ಕೊರೆಸಿ ತನ್ನಿ. ಹಿತ್ತಿಲಿನಲ್ಲಿ ಸೊಪ್ಪು ಹೆಚ್ಚಾಗಿ ಬೆಳೆದಿದ್ದರೆ ಬೇರು ಸಮೇತ ಕಿತ್ತು ತನ್ನಿ, ಬಿಡಿಸಿಕೊಂಡು ಬರಬೇಡಿ.