ಸ್ಪೀಕರ್ ಪಕ್ಕ ನಿಂತು ಹಾಡು ಕೇಳುವ ಮುಂಚೆ ಇದನ್ನು ಓದಿ

ನನ್ನ ಎಡಗಿವಿಯಲ್ಲಿ ಒಂಬತ್ತು ತಿಂಗಳಿಂದ ಒಂದು ಶಬ್ದ ಇದೆ. ಇದನ್ನು ಬರೆಯುವಾಗಲೂ ಇದೆ. ಊರ ಕಡೆ ಮಳೆ ಹಿಡಿಯುವ ಮುಂಚೆ ದೂರದಲ್ಲಿ ಜೀರುಂಡೆ ಒಂದೇ ಸಮನೆ ಕೂಗುತ್ತದಲ್ಲ, ಹಾಗೆ. ಒಂದು ಸಂಜೆ ಎರಡೂವರೆ ಗಂಟೆ ಸ್ಪೀಕರ್ ಪಕ್ಕ ನಿಂತಿದ್ದಕ್ಕೆ ಬಂದದ್ದು ಇದು.

ಇನ್ನೇನು ಗಣೇಶನ ಹಬ್ಬ. ಬೀದಿ ಬೀದಿಯಲ್ಲಿ ಆರ್ಕೆಸ್ಟ್ರಾ ಶುರುವಾಗುತ್ತದೆ. ಅದು ಮುಗಿದರೆ ನವೆಂಬರಿನಿಂದ ಬೆಂಗಳೂರಿನಲ್ಲಿ ದೊಡ್ಡ ಕಾನ್ಸರ್ಟುಗಳ ಕಾಲ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಕಾನ್ಸರ್ಟಿಗೆ ಹೋಗಬೇಡಿ ಅನ್ನುವವಳಲ್ಲ ನಾನು. ನನಗೆ ಹಾಡಲು ಬರುವುದಿಲ್ಲ, ಕೇಳುವುದೇ ನನ್ನ ಸಂಗೀತ. ಚಿಕ್ಕವಳಿದ್ದಾಗ ಅಪ್ಪ ಪ್ರತಿ ವರ್ಷ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಪೆಂಡಾಲಿಗೆ ಕರೆದುಕೊಂಡು ಹೋಗುತ್ತಿದ್ದರು. ರಾಮಸೇವಾ ಮಂಡಳಿಯವರು 1939ರಿಂದ ನಡೆಸುತ್ತಿರುವ ರಾಮನವಮಿ ಸಂಗೀತೋತ್ಸವ ಅದು. ಈಗಲೂ ತಪ್ಪಿಸುವುದಿಲ್ಲ. ಮಲ್ಲೇಶ್ವರದ ಕಡೆ ಚೌಡಯ್ಯ ಮೆಮೋರಿಯಲ್ ಹಾಲ್‌ಗೂ ಹೋಗುತ್ತೇನೆ, ಮೈದಾನದಲ್ಲಿ ಗಿಟಾರು ಡ್ರಮ್ಸು ಇರುವ ಕಡೆಗೂ ಹೋಗುತ್ತೇನೆ. ಈ ಊರಿನಲ್ಲಿ ಸಂಗೀತ ಯಾವ ಮೂಲೆಯಲ್ಲಿ ಸಿಗುತ್ತದೋ ಹೇಳಲಾಗದು. 2025ರ ಫೆಬ್ರವರಿಯಲ್ಲಿ ಬ್ರಿಟಿಷ್ ಗಾಯಕ ಎಡ್ ಶೀರನ್ ಚರ್ಚ್ ಸ್ಟ್ರೀಟ್ ಫುಟ್‌ಪಾತಿನಲ್ಲಿ ಮೈಕ್ ಹಿಡಿದು ಹಾಡಲು ನಿಂತಿದ್ದರು, ನೆನಪಿದೆಯಲ್ಲ? ಪೊಲೀಸರು ಬಂದು ನಿಲ್ಲಿಸಿದರು ಅನ್ನುವುದು ಬೇರೆ ಮಾತು. ಕಾಫಿ ಕುಡಿಯಲು ಹೋಗಿದ್ದ ನನ್ನ ಸಹೋದ್ಯೋಗಿ ಒಬ್ಬಳು ಅದನ್ನು ಕಣ್ಣಾರೆ ನೋಡಿದಳು. ಆ ಥರದ ಅಚ್ಚರಿಗಾಗಿ ಕಾಯುತ್ತಾ ಇರುವ ಜನ ನಾವು.

ನನಗೆ ಸಿಕ್ಕ ಅಚ್ಚರಿ ತಮ್ಮ ಕೊಟ್ಟದ್ದು. ನನ್ನ ಹುಟ್ಟುಹಬ್ಬಕ್ಕೆ ಎರಡು ಟಿಕೆಟ್. "ಅಕ್ಕಾ, ಈ ಸಲ ಹಿಂದೆ ನಿಲ್ಲೋದು ಬೇಡ. ಕಂಬಿ ಹತ್ರಾನೇ" ಅಂದ. ಫ್ಯಾನ್ ಪಿಟ್, ಅಂದರೆ ವೇದಿಕೆಯ ಮುಂದಿನ ಕಂಬಿಗೆ ಆತುಕೊಂಡು ನಿಲ್ಲುವ ಜಾಗ. ಅಷ್ಟು ದುಡ್ಡು ಯಾಕೆ ಹಾಕಿದೆ ಅಂತ ಬೈದೆ, ಒಳಗೊಳಗೇ ಖುಷಿಪಟ್ಟೆ. ಯಾರ ಕಾರ್ಯಕ್ರಮ, ಯಾವ ಮೈದಾನ ಅಂತ ಬರೆಯುವುದಿಲ್ಲ. ಯಾರದ್ದಾದರೂ ಹೆಚ್ಚುಕಮ್ಮಿ ಹೀಗೇ ಇರುತ್ತದೆ.

ನಮಗೆ ಸಿಕ್ಕಿದ್ದು ಕಂಬಿಯ ಎಡತುದಿ. ಮುಂದೆ ನೆಲದ ಮೇಲೆ ಬಾಸ್ ಸ್ಪೀಕರ್‌ಗಳನ್ನು ಬೀರುಗಳ ಹಾಗೆ ಸಾಲಾಗಿ ಇಟ್ಟಿದ್ದರು. ಅದರ ಮೇಲ್ಗಡೆ ಕಬ್ಬಿಣದ ಕಂಬದಿಂದ ಇನ್ನೊಂದು ಸಾಲು ತೂಗುತ್ತಿತ್ತು. ನನ್ನ ಎಡಗಿವಿಗೂ ಆ ಪೆಟ್ಟಿಗೆಗಳಿಗೂ ಮಧ್ಯೆ ಎರಡಾಳು ಅಂತರ ಅಷ್ಟೇ. ಮೊದಲ ಹಾಡಿಗೇ ಕುರ್ತಾದ ಬಟ್ಟೆ ಮೈಮೇಲೆ ನಡುಗಿತು. ಕೈಯಲ್ಲಿದ್ದ ನೀರಿನ ಬಾಟಲಿಯೊಳಗೆ ಸಣ್ಣ ಸಣ್ಣ ಅಲೆ ಏಳುತ್ತಿತ್ತು. ಎದೆಯೊಳಗೆ ಯಾರೋ ಗುದ್ದಿದ ಹಾಗೆ. ಅದು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಲಾರೆ.

ಕಂಬಿಯ ಆಚೆ ನಮ್ಮ ಕಡೆ ಮುಖ ಮಾಡಿ ನಿಂತಿದ್ದ ಸೆಕ್ಯುರಿಟಿಯವರ ಎರಡೂ ಕಿವಿಯಲ್ಲಿ ಹತ್ತಿ ಇತ್ತು. ಮಧ್ಯದಲ್ಲಿ ಒಮ್ಮೆ ಅವರು ನನ್ನ ಕಡೆ ನೋಡಿ, ತಮ್ಮ ಕಿವಿ ಮುಟ್ಟಿ, ಹಿಂದಕ್ಕೆ ಹೋಗಿ ಅನ್ನುವ ಹಾಗೆ ಕೈ ಮಾಡಿದರು. ಜಾಗ ಬಿಡಿ ಅನ್ನುತ್ತಿದ್ದಾರೆ ಅಂದುಕೊಂಡು ತಲೆ ಅಲ್ಲಾಡಿಸಿಬಿಟ್ಟೆ. ವೇದಿಕೆಯ ಮೇಲೆ ಹಾಡುವವರ ಕಿವಿಯಲ್ಲಿ ಅವರವರ ಅಳತೆಯ ಇಯರ್‌ಪೀಸ್ ಇತ್ತು. ಸೌಂಡ್ ನೋಡಿಕೊಳ್ಳುವವರು ಎಲ್ಲೋ ಹಿಂದೆ, ಮೈದಾನದ ನಡುವೆ ಇದ್ದರು. ಜಾಸ್ತಿ ದುಡ್ಡು ಕೊಟ್ಟು ಬರಿಗಿವಿಯಲ್ಲಿ ಸ್ಪೀಕರ್ ಎದುರು ನಿಂತಿದ್ದವರು ನಾವು. ಪಕ್ಕದಲ್ಲಿ ಒಬ್ಬರು ನಾಲ್ಕೈದು ವರ್ಷದ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಆ ಮಗುವಿನ ಕಿವಿ ಈಗ ಹೇಗಿದೆಯೋ ಅಂತ ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಐದನೇ ಹಾಡೋ ಆರನೇ ಹಾಡೋ, ಎಡಗಿವಿ ಮುಚ್ಚಿಕೊಂಡಿತು. ಚಾರ್ಮಾಡಿ ಘಾಟಿ ಹತ್ತುವಾಗ ಬಸ್ಸಿನಲ್ಲಿ ಆಗುತ್ತದಲ್ಲ, ಹಾಗೆ. ಆಮೇಲೆ ಸೌಂಡ್ ಸ್ವಲ್ಪ ಕಮ್ಮಿಯಾದ ಹಾಗೆ ಅನ್ನಿಸಿತು. ಅಭ್ಯಾಸ ಆಯಿತು ಅಂದುಕೊಂಡೆ. ದಯವಿಟ್ಟು ಈ ಒಂದು ವಿಷಯ ನೆನಪಿಟ್ಟುಕೊಳ್ಳಿ: ಸೌಂಡ್ ಕಮ್ಮಿಯಾಗಿರಲಿಲ್ಲ, ನನ್ನ ಕಿವಿ ಮಂದವಾಗಿತ್ತು. ಕಿವಿ ಕಟ್ಟಿದ ಹಾಗೆ ಆಯಿತು ಅಂದರೆ ಏಟು ಬಿದ್ದಾಗಿದೆ ಅಂತಲೇ ಅರ್ಥ. ಆ ಕ್ಷಣಕ್ಕೆ ಅಲ್ಲಿಂದ ಹೊರಡಬೇಕು.

ನಾನು ಹೊರಡಲಿಲ್ಲ. ಯಾಕೆಂದರೆ ಆಗಲೇ ಯಾರೂ ಅಂದುಕೊಳ್ಳದ ಒಂದು ಹಳೆಯ ಕನ್ನಡ ಹಾಡು ಎತ್ತಿಕೊಂಡರು. ಇಡೀ ಮೈದಾನ ಜೊತೆಗೆ ಹಾಡಿತು. ನಾನೂ ಕಿರುಚಿ ಹಾಡಿದೆ. ಅಂಥ ಹೊತ್ತಿನಲ್ಲಿ ಯಾರು ತಾನೇ ಹಿಂದಕ್ಕೆ ಹೋಗುತ್ತಾರೆ?

ಸರಿಯಾಗಿ ಹತ್ತಕ್ಕೆ ನಿಲ್ಲಿಸಿದರು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲೇ ಇದೆ. ಸುತ್ತಮುತ್ತ ಮನೆಯಲ್ಲಿ ಮಲಗುವವರಿಗೆ ಅದು ಬೇಕೇ ಬೇಕು. ಆದರೆ ಹತ್ತು ಗಂಟೆಗೆ ಮುಂಚೆ, ಕಂಬಿಗೆ ಆತುಕೊಂಡು ನಿಂತವರ ಕಿವಿಗೆ ಎಷ್ಟು ಬೀಳುತ್ತಿದೆ ಅಂತ ಆ ರಾತ್ರಿ ಅಲ್ಲಿ ನೋಡುವವರು ನನಗಂತೂ ಕಾಣಲಿಲ್ಲ. ಒಂದು ಬೋರ್ಡಿಲ್ಲ, ಒಂದು ಎಚ್ಚರಿಕೆಯಿಲ್ಲ. ಟಿಕೆಟ್ಟಿನ ಹಿಂದಿನ ನಿಬಂಧನೆಗಳಲ್ಲಿ ಪವರ್ ಬ್ಯಾಂಕ್ ತರಬೇಡಿ ಅಂತಿತ್ತು, ಕಿವಿಯ ಸುದ್ದಿ ಇರಲಿಲ್ಲ.

ಹೊರಗೆ ಬಂದಾಗ ಆಟೋದವರು ಓಟಿಪಿ ಕೇಳಿದ್ದು ಮೂರು ಸಲವಾದರೂ ತಿಳಿಯಲಿಲ್ಲ. ಮನೆಗೆ ಬಂದು ಮಲಗಿದೆ. ಕೋಣೆಯಲ್ಲಿ ಹುಳ ಸೇರಿಕೊಂಡಿದೆ ಅನ್ನಿಸಿತು. ಎದ್ದು ಲೈಟ್ ಹಾಕಿದೆ, ಪರದೆ ಒದರಿದೆ, ಮಂಚದ ಕೆಳಗೆ ನೋಡಿದೆ. ಎಡಗಡೆಗೆ ಹೊರಳಿ ದಿಂಬಿಗೆ ಕಿವಿ ಒತ್ತಿದಾಗ ಗೊತ್ತಾಯಿತು, ಶಬ್ದ ನನ್ನೊಳಗೇ ಇದೆ.

ಮುಂದೆ ನಾನು ಮಾಡಿದ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ಕಾದೆ. ತಮ್ಮ "ಎಲ್ಲರಿಗೂ ಆಗುತ್ತೆ ಅಕ್ಕಾ, ಎರಡು ದಿನದಲ್ಲಿ ಹೋಗುತ್ತೆ" ಅಂದ. ತುಂಬಾ ಜನರಿಗೆ ಹಾಗೆ ಹೋಗುವುದೂ ನಿಜ. ಅಮ್ಮ ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ, ಬೆಚ್ಚಗಿರುವಾಗ ಹತ್ತಿಯಲ್ಲಿ ಅದ್ದಿ ಬಿಟ್ಟರು. ಒಂದು ವಾರ ಆಯಿತು. ಮನೆ ಹತ್ತಿರದ ಒಬ್ಬ ಡಾಕ್ಟರ ಹತ್ತಿರ ಹೋದೆ. ಟಾರ್ಚ್ ಬಿಟ್ಟು ನೋಡಿ ಗುಗ್ಗೆ ಇದೆ ಅಂತ ಡ್ರಾಪ್ಸ್ ಬರೆದುಕೊಟ್ಟರು. ಕಾನ್ಸರ್ಟಿಗೆ ಹೋಗಿದ್ದೆ ಅಂದರೂ ಶ್ರವಣ ಪರೀಕ್ಷೆಯ ಮಾತೇ ಎತ್ತಲಿಲ್ಲ. ಕೇಳಬೇಕು ಅಂತ ನನಗೂ ಗೊತ್ತಿರಲಿಲ್ಲ. ಹನ್ನೆರಡನೇ ದಿನಕ್ಕೆ ಬೇರೆ ಇಎನ್‌ಟಿ ಡಾಕ್ಟರ ಬಳಿ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಆಡಿಯೋಗ್ರಾಂ ಮಾಡಿಸಿದ್ದೀರಾ ಮೇಡಂ?"

ಆಡಿಯೋಗ್ರಾಂ ಅಂದರೆ ಶ್ರವಣ ಪರೀಕ್ಷೆಯ ನಕ್ಷೆ. ಆ ಪರೀಕ್ಷೆ ಹೇಗಿರುತ್ತದೆ ಹೇಳುತ್ತೇನೆ. ಸದ್ದು ಬಾರದ ಸಣ್ಣ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕುತ್ತಾರೆ, ಕೈಗೆ ಒಂದು ಬಟನ್ ಕೊಡುತ್ತಾರೆ. ಬೀಪ್ ಕೇಳಿದಾಗೆಲ್ಲ ಒತ್ತಬೇಕು. ಬಲಗಿವಿ ಸಲೀಸು. ಎಡಗಿವಿಗೆ ಬಂದಾಗ ನನ್ನ ಜೀರುಂಡೆ ಯಾವುದು, ಅವರ ಬೀಪ್ ಯಾವುದು ತಿಳಿಯದೆ ಒದ್ದಾಡಿದೆ. ಅಲ್ಲಿದ್ದ ಹುಡುಗಿ ಒಳ್ಳೆಯವಳು. ಬಿಟ್ಟು ಬಿಟ್ಟು ಮಿಡಿಯುವ ಹಾಗೆ ಬೀಪ್ ಬದಲಾಯಿಸಿ ಮತ್ತೆ ಮಾಡಿದಳು. ಕೊನೆಗೆ ಕೈಗೆ ಬಂದದ್ದು ಒಂದು ಹಾಳೆ. ಬಲಗಿವಿಗೆ ಕೆಂಪು ಸೊನ್ನೆಗಳು, ಎಡಗಿವಿಗೆ ನೀಲಿ ಇಂಟು ಗುರುತುಗಳು. ಕೆಂಪು ಗೆರೆ ಮೇಲ್ಗಡೆ ನೆಟ್ಟಗೆ ಹೋಗಿತ್ತು. ನೀಲಿ ಗೆರೆ ಜೊತೆಗೇ ಹೋಗಿ, 4000 ಹರ್ಟ್ಸ್ ಹತ್ತಿರ, ಅಂದರೆ ಕೀಚಲು ಸದ್ದುಗಳ ಕಡೆ, ಬಾವಿಗೆ ಇಳಿದ ಹಾಗೆ 45 ಡೆಸಿಬಲ್‌ಗೆ ಬಿದ್ದು, ಮತ್ತೆ ಸ್ವಲ್ಪ ಮೇಲೆ ಬಂದಿತ್ತು. ಡೆಸಿಬಲ್ ಅಂದರೆ ಶಬ್ದದ ಜೋರಿನ ಅಳತೆ; ಗೆರೆ ಕೆಳಗೆ ಹೋದಷ್ಟೂ ಆ ಕಿವಿಗೆ ಕೇಳಲು ಜೋರು ಸದ್ದು ಬೇಕು ಅಂತ ಅರ್ಥ. "ಈ ಗುಂಡಿ ನೋಡಿದರೇ ಗೊತ್ತಾಗುತ್ತೆ ಮೇಡಂ, ಇದು ಜೋರು ಶಬ್ದದ ಏಟು" ಅಂದರು ಡಾಕ್ಟರು.

ಅವರು ಮಂಡ್ಯ ಕಡೆಯವರು, ಚೆನ್ನಾಗಿ ಬಿಡಿಸಿ ಹೇಳಿದರು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿಯಾದ ಒಂದು ಭಾಗ ಇದೆ. ಅದರೊಳಗೆ ಸುಮಾರು 15,000 ಕೂದಲು ಜೀವಕೋಶಗಳು. ಶಬ್ದ ಬಂದಾಗ ಅವು ಬಾಗುತ್ತವೆ, ಮತ್ತೆ ನೆಟ್ಟಗಾಗುತ್ತವೆ. "ಭತ್ತದ ಪೈರು ಗಾಳಿಗೆ ಬಾಗಿ ಏಳುತ್ತಲ್ಲ, ಹಾಗೆ. ಬಿರುಗಾಳಿಗೆ ನೆಲಕ್ಕೆ ಮಲಗಿದರೆ ಏಳಲ್ಲ" ಅಂದರು. ಭತ್ತವನ್ನಾದರೂ ಮುಂದಿನ ಬೆಳೆಗೆ ಮತ್ತೆ ನಾಟಿ ಮಾಡಬಹುದು, ಮನುಷ್ಯರಿಗೆ ಈ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಮೊದಲ ಎರಡು ಮೂರು ದಿನದಲ್ಲೇ ಬಂದಿದ್ದರೆ ಸ್ಟೆರಾಯ್ಡ್ ಕೊಟ್ಟು ನೋಡಬಹುದಿತ್ತಂತೆ. ಕೆಲವರಿಗೆ ಅದು ಕೆಲಸ ಮಾಡುತ್ತದೆ. ನನಗೂ ಕೊಟ್ಟರು, ತಡವಾಗಿತ್ತು. ಏನೂ ಬದಲಾಗಲಿಲ್ಲ.

ಲೆಕ್ಕವನ್ನೂ ಅವರೇ ಹೇಳಿದ್ದು. ಕಾರ್ಖಾನೆಯಂಥ ಕಡೆ ಕೆಲಸ ಮಾಡುವವರಿಗೆ ಹಾಕಿರುವ ಲೆಕ್ಕದಲ್ಲಿ 85 ಡೆಸಿಬಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಡೆಯಬಹುದು. ಪ್ರತಿ 3 ಡೆಸಿಬಲ್ ಏರಿದಾಗಲೂ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಹೀಗೇ ಹೋಗಿ 100ಕ್ಕೆ ಬಂದರೆ 15 ನಿಮಿಷ. ಮನೆಗೆ ಬಂದು ತಮ್ಮನಿಗೆ ಇದನ್ನು ಹೇಳುತ್ತಿದ್ದೆ. ಅವನು ಸುಮ್ಮನೆ ತನ್ನ ವಾಚಿನ ಹಳೆಯ ನೋಟಿಫಿಕೇಶನ್ ತೆಗೆದ. ಆ ರಾತ್ರಿ ವಾಚು ಎಚ್ಚರಿಕೆ ಕೊಟ್ಟಿತ್ತು, 103 ಡೆಸಿಬಲ್ ಅಂತ. ಕುಣಿಯುತ್ತಿದ್ದ ಅವನಿಗೆ ಕೈ ಮೇಲೆ ಅದು ಮಿಡಿದದ್ದೂ ಗೊತ್ತಾಗಿಲ್ಲ. ವಾಚಿನ ಅಳತೆ ಅಂದಾಜಿನದೇ ಇರಲಿ, 103 ಅಂದರೆ ಏಳೂವರೆ ನಿಮಿಷದ ಲೆಕ್ಕ. ನಾವು ನಿಂತದ್ದು ಎರಡೂವರೆ ಗಂಟೆ. ಅವನು ಆ ದಿನ ಊಟ ಮಾಡಲಿಲ್ಲ. ಅವನ ಕಿವಿ ಪರೀಕ್ಷೆಯಲ್ಲಿ ಸರಿಯಾಗಿಯೇ ಬಂತು, ದೇವರು ದೊಡ್ಡವನು. ಒಂದೇ ಕಡೆ, ಒಂದೇ ಹೊತ್ತು ನಿಂತಿದ್ದರೂ ಒಬ್ಬರ ಕಿವಿ ತಡೆಯುತ್ತದೆ, ಇನ್ನೊಬ್ಬರದು ಹೋಗುತ್ತದೆ. ಯಾರದು ಯಾವುದು ಅಂತ ಮುಂಚೆ ತಿಳಿಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕಾನ್ಸರ್ಟಿನಂಥ ಜಾಗಗಳಿಗೇ ಅಂತ ಒಂದು ಮಾನದಂಡ ಹೊರತಂದಿದೆ. ಸರಾಸರಿ 100 ಡೆಸಿಬಲ್ ದಾಟಬಾರದು, ಕಿವಿಗೆ ಹಾಕಿಕೊಳ್ಳುವ ಪ್ಲಗ್ ಅಲ್ಲೇ ಸಿಗಬೇಕು, ಕಿವಿಗೆ ಬಿಡುವು ಕೊಡಲು ಶಾಂತವಾದ ಒಂದು ಜಾಗ ಇರಬೇಕು ಅಂತ ಅದರಲ್ಲಿದೆ. ಮೈದಾನದಲ್ಲಿ ಬಿಯರ್ ಕೌಂಟರಿಗೆ ಜಾಗ ಇತ್ತು. ಒಂದು ಡಬ್ಬಿ ಪ್ಲಗ್ ಇಡಲು ಎಷ್ಟು ಜಾಗ ಬೇಕು?

ಹೋದದ್ದು ಏನು ಅಂತ ಕೇಳುತ್ತೀರಿ. ಒಗ್ಗರಣೆಗೆ ಸಾಸಿವೆ ಸಿಡಿಯುವ ಚಟಪಟ ಎಡಗಿವಿಗೆ ಸರಿಯಾಗಿ ಕೇಳುವುದಿಲ್ಲ. ಫೋನನ್ನು ಬಲಗಿವಿಗೇ ಹಿಡಿಯಬೇಕು. ಗದ್ದಲದ ಹೋಟೆಲಿನಲ್ಲಿ ಎಡಕ್ಕೆ ಕೂತವರ ಮಾತಿನಲ್ಲಿ ಸ, ಶ ತಪ್ಪಿಹೋಗುತ್ತವೆ, ಅರ್ಧ ಊಹೆ ಮಾಡುತ್ತೇನೆ. ಇವುಗಳ ಜೊತೆ ಹೇಗೋ ಬದುಕಬಹುದು. ತಡೆಯಲಾಗದ್ದು ಬೇರೆ. ಈ ವರ್ಷ ಏಪ್ರಿಲಿನಲ್ಲಿ ಕೋಟೆ ಹೈಸ್ಕೂಲಿನ ಪೆಂಡಾಲಿನಲ್ಲಿ ಕೂತಿದ್ದೆ. ಕಛೇರಿ ಶುರುವಾಗುವ ಮುಂಚೆ ತಂಬೂರಿ ಶ್ರುತಿ ಸೇರುವ ಹೊತ್ತು ನನಗೆ ಎಲ್ಲಕ್ಕಿಂತ ಪ್ರಿಯ. ಷಡ್ಜ, ಪಂಚಮ ಸ್ವರಗಳು ಕೂಡಿಕೊಂಡು ಮೇಲೆ ಗಾಂಧಾರ ಸ್ವರ ತಾನಾಗಿ ಕೇಳಿಸುತ್ತದಲ್ಲ, ಅದು. ಈ ಸಲ ಆ ಶ್ರುತಿಯ ಮೇಲೆ ನನ್ನ ಜೀರುಂಡೆ ಕೂತಿತ್ತು, ಯಾವ ಸ್ವರಕ್ಕೂ ಸೇರದೆ. ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನದಲ್ಲಿ ಖಂಜಿರದ ಬಿಲ್ಲೆಯ ಸಣ್ಣ ಝಲ್ ಅನ್ನುವ ಸದ್ದು ಬಲಗಡೆಯಿಂದ ಮಾತ್ರ ಬಂತು. ಅಪ್ಪ ಇದ್ದಿದ್ದರೆ ಏನು ಹೇಳುತ್ತಿದ್ದರೋ. ಅಲ್ಲಿ ಅಳಬಾರದು ಅಂತ ಎದ್ದು ಆಚೆ ಬಂದೆ.

2024ರ ಜೂನ್‌ನಲ್ಲಿ ಗಾಯಕಿ ಅಲ್ಕಾ ಯಾಗ್ನಿಕ್ ತಮಗೆ ಕಿವಿಯ ನರದ ತೊಂದರೆಯಿಂದ ಕೇಳಿಸುತ್ತಿಲ್ಲ ಅಂತ ಹೇಳಿಕೊಂಡಿದ್ದರು. ಅವರಿಗೆ ಅದು ವೈರಸ್ಸಿನಿಂದ ಬಂದದ್ದು. ಆದರೂ ಜೋರು ಸಂಗೀತ, ಹೆಡ್‌ಫೋನ್ ಬಗ್ಗೆ ಹುಷಾರಾಗಿರಿ ಅಂತ ಎಲ್ಲರಿಗೂ ಕೇಳಿಕೊಂಡಿದ್ದರು. ಆಗ ನಾನು ಅದನ್ನು ಓದಿ, ಅಯ್ಯೋ ಪಾಪ ಅಂದು ಮುಂದಕ್ಕೆ ಹೋಗಿದ್ದೆ.

ಈಗ ನನ್ನ ಬ್ಯಾಗಿನಲ್ಲಿ ಯಾವಾಗಲೂ ಪ್ಲಗ್ ಇರುತ್ತದೆ. ಸ್ಪಂಜಿನವು ಸಾಕು, ಒಂದು ಸಿನಿಮಾ ಪಾಪ್‌ಕಾರ್ನಿಗಿಂತ ಕಮ್ಮಿ ದುಡ್ಡು. ಹಾಕುವ ಕ್ರಮ ಇದೆ: ಬೆರಳಲ್ಲಿ ಬತ್ತಿಯ ಹಾಗೆ ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯ ಮೇಲ್ತುದಿ ಎಳೆದು, ಒಳಗೆ ಬಿಟ್ಟು, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಿಂದ ಒತ್ತಿ ಹಿಡಿಯಬೇಕು. ಸುಮ್ನೆ ಕಿವಿಯ ಬಾಯಿಗೆ ಸಿಕ್ಕಿಸಿದರೆ ಏನೂ ಪ್ರಯೋಜನ ಇಲ್ಲ. ಹತ್ತಿಯನ್ನಂತೂ ನಂಬಬೇಡಿ, ಆ ಸೆಕ್ಯುರಿಟಿಯವರ ಕಿವಿಗೂ ಅದರಿಂದ ಹೆಚ್ಚೇನೂ ಕಾವಲು ಇರಲಿಲ್ಲ. ಸಂಗೀತ ಮಂಕಾಗದೆ ಬರೀ ಸೌಂಡ್ ಕಮ್ಮಿ ಮಾಡುವ ಪ್ಲಗ್‌ಗಳೂ ಸಿಗುತ್ತವೆ, ಬೆಲೆ ಜಾಸ್ತಿ. ಮಕ್ಕಳಿಗೆ ಕಿವಿ ಪೂರ್ತಿ ಮುಚ್ಚುವ ಇಯರ್ ಮಫ್ ಬೇಕು. ಅದಿಲ್ಲದೆ ಮಗುವನ್ನು ಸ್ಪೀಕರ್ ಹತ್ತಿರ ಒಯ್ಯಬೇಡಿ, ಕೈಮುಗಿದು ಕೇಳುತ್ತೇನೆ. ಗಣೇಶನ ಮೆರವಣಿಗೆಯ ಡಿಜೆ ಗಾಡಿಯ ಹಿಂದೆ ಕುಣಿಯುವವರಿಗೂ, ಛತ್ರದಲ್ಲಿ ಆರ್ಕೆಸ್ಟ್ರಾ ಪಕ್ಕದ ಸಾಲಿನಲ್ಲಿ ಊಟಕ್ಕೆ ಕೂರುವವರಿಗೂ ಇದೇ ಮಾತು.

ಕಾರ್ಯಕ್ರಮದ ಮಾರನೇ ದಿನವೂ ಕಿವಿ ಕಟ್ಟಿದ ಹಾಗೆ ಇದ್ದರೆ, ಒಳಗೆ ಸದ್ದು ಇದ್ದರೆ, ಎಣ್ಣೆ ಬಿಡಬೇಡಿ, ಕಾಯಬೇಡಿ. ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ ಶ್ರವಣ ಪರೀಕ್ಷೆ ಮಾಡಿಸಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಮೈಸೂರು ಕಡೆಯವರಿಗೆ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ. ನಾನೂ ಈಗ ಅಲ್ಲಿ ತೋರಿಸುತ್ತಿದ್ದೇನೆ. ಪೂರ್ತಿ ಮೌನದಲ್ಲಿ ಮಲಗಬೇಡಿ ಅಂದರು ಅಲ್ಲಿ. ಅದಕ್ಕೆ ರಾತ್ರಿ ಫೋನಿನಲ್ಲಿ ತಂಬೂರಿಯನ್ನು ತೀರಾ ಸಣ್ಣಗೆ ಹಾಕಿಟ್ಟು ಮಲಗುತ್ತೇನೆ. ಅದರ ಜೊತೆ ನಿದ್ದೆ ಬರುತ್ತದೆ.

ಡಿಸೆಂಬರಿಗೆ ತಮ್ಮ ಮತ್ತೆ ಎರಡು ಟಿಕೆಟ್ ತೆಗೆದಿದ್ದಾನೆ. ಈ ಸಲ ಹಿಂದಿನ ಸ್ಟ್ಯಾಂಡ್, ಸ್ಪೀಕರ್‌ಗಳಿಂದ ದೂರ. ಅವನು ನನ್ನ ಬಲಕ್ಕೆ ಕೂರುತ್ತಾನಂತೆ, ಮಾತಾಡಿದರೆ ಕೇಳಲಿ ಅಂತ.