ಎರಡು ನಿಮಿಷದ ಮರಳು ಗಡಿಯಾರ: ಕಚೇರಿ ಮೇಜಿನ ಮೇಲೆ ಒಂದು ವರ್ಷ

ಕಳೆದ ವರ್ಷ ಶರಣಬಸವೇಶ್ವರ ಜಾತ್ರೆಯ ಅಂಗಡಿ ಸಾಲಿನಲ್ಲಿ ಮಗಳು ಹಟ ಹಿಡಿದು ಕೊಡಿಸಿಕೊಂಡ ವಸ್ತು ಇದು. ಬೆಲೆ 60 ರೂಪಾಯಿ. ಮೇಲೆ ಕೆಳಗೆ ಹಳದಿ ಪ್ಲಾಸ್ಟಿಕ್ ಮುಚ್ಚಳ, ನಡುವೆ ಸಣ್ಣ ಸೊಂಟದ ಗಾಜು, ಒಳಗೆ ನೀಲಿ ಮರಳು. ಹಲ್ಲನ್ನು ಎರಡು ನಿಮಿಷ ಉಜ್ಜಬೇಕು ಎಂದು ದಂತವೈದ್ಯರು ಹೇಳುತ್ತಾರಲ್ಲ, ಮಕ್ಕಳಿಗೆ ಅದನ್ನು ರೂಢಿ ಮಾಡಿಸಲು ಮಾರುತ್ತಾರೆ. ಮಗಳು ನಾಲ್ಕು ದಿನ ತಿರುಗಿಸಿ ಮರೆತಳು. ನಾನು ಚೀಲಕ್ಕೆ ಹಾಕಿಕೊಂಡು ಕಚೇರಿಗೆ ಒಯ್ದೆ.

ಕಲಬುರಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಪ್ರಥಮ ದರ್ಜೆ ಸಹಾಯಕಿ. ಏಪ್ರಿಲ್ ಬಂದರೆ ಬಿಸಿಲಿನ ಕಾರಣ ನಮ್ಮ ಭಾಗದಲ್ಲಿ ಕಚೇರಿ ವೇಳೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದಾಗುತ್ತದೆ. ಬರುವ ಟಪಾಲು ಮಾತ್ರ ಅಷ್ಟೇ ಇರುತ್ತದೆ. ಪತ್ರಕ್ಕೆ ಸ್ವೀಕೃತಿ ಸಂಖ್ಯೆ ಹಾಕುವುದು, ಬೇರೆ ಶಾಖೆಗೆ ಸೇರಿದ್ದನ್ನು ಒಂದು ಸಾಲು ಬರೆದು ಅಲ್ಲಿಗೆ ಕಳುಹಿಸುವುದು, ಯಾರದೋ ರಜೆ ಅರ್ಜಿಯ ಮೇಲೆ ಬಾಕಿ ರಜೆ ಎಷ್ಟೆಂದು ನೋಡಿ ಬರೆಯುವುದು, ತಾಲ್ಲೂಕಿನಿಂದ ಕರೆ ಮಾಡಿದವರಿಗೆ ಕಡತದ ಸಂಖ್ಯೆ ಹೇಳುವುದು. ಇಂಥವನ್ನೆಲ್ಲ ನಾನು ‘ಆಮೇಲೆ’ ಎಂದು ಮೇಜಿನ ಎಡ ಮೂಲೆಗೆ ಸರಿಸುತ್ತಿದ್ದೆ. ಮನೆಗೆ ಹೊರಡುವ ಹೊತ್ತಿಗೆ ಮತ್ತೆ ಎತ್ತಿಕೊಂಡು, ಏನಿದು ಎಂದು ಮತ್ತೆ ಓದಿ, ನಾಳೆಗೆ ಬಿಡುತ್ತಿದ್ದೆ. ಒಂದೂವರೆ ನಿಮಿಷದ ಪತ್ರವನ್ನು ಮೂರು ಸಲ ಓದಿದ ಮೇಲೂ ಅದು ಅದೇ ಮೂಲೆಯಲ್ಲಿರುತ್ತಿತ್ತು.

ಇದಕ್ಕೆ ‘ಎರಡು ನಿಮಿಷದ ನಿಯಮ’ ಎಂಬ ಮದ್ದಿದೆ ಎಂದು ತರಬೇತಿಯೊಂದರಲ್ಲಿ ಕೇಳಿದ್ದೆ. ಅಮೆರಿಕದ ಡೇವಿಡ್ ಅಲೆನ್ 2001ರಲ್ಲಿ ತಂದ ಪುಸ್ತಕದಿಂದ ಹೆಸರಾದ ನಿಯಮ ಅದು. ಬಂದದ್ದನ್ನು ವಿಂಗಡಿಸುತ್ತ ಕುಳಿತಾಗ ಎರಡು ನಿಮಿಷದೊಳಗೆ ಆಗುವ ಕೆಲಸ ಕೈಗೆ ಬಂದರೆ ಆಗಲೇ ಮುಗಿಸಬೇಕು. ಅದನ್ನು ಬರೆದಿಟ್ಟು, ನೆನಪಿಟ್ಟು, ಮತ್ತೆ ಹುಡುಕಿ ತೆಗೆಯುವ ಶ್ರಮವೇ ಆ ಕೆಲಸಕ್ಕಿಂತ ಹೆಚ್ಚಾಗುತ್ತದೆ. ಕೇಳಿದಾಗ ಒಪ್ಪಿಕೊಂಡಿದ್ದೆ, ಪಾಲಿಸಿರಲಿಲ್ಲ. ಮೊಬೈಲಿನಲ್ಲಿ ಸಮಯ ಹಚ್ಚಿ ನೋಡಿದೆ. ಮೊಬೈಲ್ ಕೈಗೆ ಬಂದರೆ ವಾಟ್ಸ್‌ಆ್ಯಪ್ ತೆರೆಯುತ್ತದೆ, ಎರಡು ನಿಮಿಷ ಅಲ್ಲಿಯೇ ಹೋಗುತ್ತದೆ. ಮರಳು ಗಡಿಯಾರದಲ್ಲಿ ಮರಳಿನ ಹೊರತು ನೋಡುವುದಕ್ಕೆ ಏನೂ ಇಲ್ಲ. ನನಗೆ ಬೇಕಾಗಿದ್ದದ್ದು ಅದೇ.

ಮೊದಲ ಎರಡು ವಾರ ಅದನ್ನು ತಪ್ಪಾಗಿ ಬಳಸಿದೆ. ದಿನವಿಡೀ ತಿರುಗಿಸಿದೆ. ಯಾವ ಕಾಗದ ಬಂದರೂ ಆ ಕ್ಷಣವೇ. ಮೂಲೆ ಖಾಲಿಯಾಯಿತು, ಆದರೆ ಒಬ್ಬ ನಿವೃತ್ತ ನೌಕರರ ಪಿಂಚಣಿ ಪ್ರಸ್ತಾವನೆ ನನ್ನಿಂದ ನಾಲ್ಕು ದಿನ ತಡವಾಯಿತು. ಸೇವಾ ಪುಸ್ತಕದ ಪುಟಗಳನ್ನು ಸಾಲಾಗಿ ತಾಳೆ ನೋಡುವಾಗ ನಡುವೆ ಹತ್ತು ಸಲ ಎದ್ದರೆ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅವರು ಬಂದು ಬಾಗಿಲಲ್ಲಿ ನಿಂತಾಗ ನನಗೆ ತಲೆ ಎತ್ತಲಾಗಲಿಲ್ಲ. ನಿಯಮದಲ್ಲಿ ‘ವಿಂಗಡಿಸುತ್ತ ಕುಳಿತಾಗ’ ಎಂಬ ಮಾತಿದೆ. ನಾನು ಅದನ್ನೇ ಬಿಟ್ಟಿದ್ದೆ. ಈಗ ಗಡಿಯಾರ ಮೇಜಿನ ಮೇಲೆ ಬರುವುದು ಎರಡೇ ಹೊತ್ತು: ಟಪಾಲು ಬಂದ ಕೂಡಲೇ ಅರ್ಧ ತಾಸು, ಹೊರಡುವ ಮುಂಚೆ ಇಪ್ಪತ್ತು ನಿಮಿಷ. ಉಳಿದ ಸಮಯ ಡ್ರಾಯರಿನಲ್ಲಿ. ಮರಳು ಮುಗಿದರೂ ಕೆಲಸ ಮುಗಿಯದಿದ್ದರೆ ಅಲ್ಲಿಗೇ ನಿಲ್ಲಿಸಿ, ಕಡತದ ಸಂಖ್ಯೆಯೊಂದಿಗೆ ಸಣ್ಣ ಪುಸ್ತಕದಲ್ಲಿ ಬರೆಯುತ್ತೇನೆ. ಇನ್ನೊಂದು ಸಲ ತಿರುಗಿಸುವ ಆಸೆಯನ್ನು ತಡೆಯುವುದು ಕಷ್ಟ, ತಡೆಯಲೇಬೇಕು.

ಎರಡು ಹೊತ್ತಿನ ಈ ಕಟ್ಟನ್ನು ನಾನಾಗಿಯೇ ಮುರಿದದ್ದು ಒಂದು ಸಲ. ಜನವರಿಯಲ್ಲಿ, ತೊಗರಿ ರಾಶಿಯ ದಿನಗಳಲ್ಲಿ, ಅಫಜಲಪುರ ಕಡೆಯ ವಯಸ್ಸಾದ ಹೆಂಗಸೊಬ್ಬರು ತಮ್ಮ ಅರ್ಜಿ ಎಲ್ಲಿದೆ ಎಂದು ಕೇಳಿಕೊಂಡು ಬಂದರು. ‘ನಾಳೆ ಬಾ ಎನ್ನಬೇಡ ಅವ್ವಾ, ಇವತ್ತಿನ ಕೂಲಿ ಬಿಟ್ಟು ಬಂದಿದ್ದೇನೆ’ ಎಂದರು. ‘ಕುಳಿತುಕೊಳ್ಳಿ ಆಯಿ’ ಎಂದು ಡ್ರಾಯರಿನಿಂದ ಗಡಿಯಾರ ತೆಗೆದು ತಿರುಗಿಸಿ, ರವಾನೆ ವಹಿ ತೆರೆದೆ. ಮೂರನೆಯ ಪುಟದಲ್ಲಿ ಸಿಕ್ಕಿತು. ಅರ್ಜಿ ಹನ್ನೆರಡು ದಿನದ ಹಿಂದೆಯೇ ಅವರ ತಾಲ್ಲೂಕು ಕಚೇರಿಗೆ ಹೋಗಿತ್ತು. ಸಂಖ್ಯೆ, ದಿನಾಂಕ ಬರೆದು ಚೀಟಿ ಕೊಟ್ಟಾಗ ಮೇಲಿನ ಬುರುಡೆಯಲ್ಲಿ ಇನ್ನೂ ಮರಳಿತ್ತು. ಹೆಂಗಸರು ಈಗ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಕೊಡಬೇಕಿಲ್ಲ, ನಿಜ. ಆದರೆ ಹೋದ ಕೂಲಿಯನ್ನು ಯಾರೂ ತುಂಬಿಕೊಡುವುದಿಲ್ಲ. ಹಿಂದೆ ಎಷ್ಟು ಜನರಿಗೆ ನಾನು ‘ನಾಳೆ ಬನ್ನಿ’ ಎಂದಿದ್ದೆನೋ ಎಂದು ಆ ರಾತ್ರಿ ಲೆಕ್ಕ ಹಾಕುತ್ತ ಮಲಗಿದೆ.

ಇನ್ನು ವಸ್ತುವಿನ ಗುಣದೋಷ. ಜಾತ್ರೆಯದು ಐದು ತಿಂಗಳಿಗೆ ಮುಚ್ಚಳದ ಅಂಟು ಬಿಟ್ಟು ನೆಲಕ್ಕೆ ಬಿದ್ದು ಒಡೆಯಿತು. ಈಗಿನದನ್ನು ನಮ್ಮೂರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಒಂದು ಸ್ಟೇಷನರಿ ಅಂಗಡಿಯಲ್ಲಿ 110 ರೂಪಾಯಿಗೆ ತಂದೆ. ಇದಕ್ಕೆ ಮೂರು ಕಂಬದ ಮರದ ಚೌಕಟ್ಟಿದೆ. ಉರುಳಿದರೂ ಗಾಜು ಮೇಜಿಗೆ ತಾಗುವುದಿಲ್ಲ. ಹೆಚ್ಚು ಕೊಟ್ಟ 50 ರೂಪಾಯಿ ಸಾರ್ಥಕ. ಕೈಗಡಿಯಾರ ಹಿಡಿದು ಅಳೆದಾಗ ಒಂದು ಬದಿಗೆ 2 ನಿಮಿಷ 6 ಸೆಕೆಂಡ್, ಇನ್ನೊಂದು ಬದಿಗೆ 1 ನಿಮಿಷ 57 ಸೆಕೆಂಡ್ ಬಂತು. ನನ್ನ ಕೆಲಸಕ್ಕೆ ಅಷ್ಟು ಸಾಕು. ಪಕ್ಕದಲ್ಲಿ ಜೋರಾಗಿ ಮೊಹರು ಒತ್ತಿದರೆ ಒಮ್ಮೊಮ್ಮೆ ಮರಳು ಸೊಂಟದಲ್ಲಿ ನಿಂತುಬಿಡುತ್ತದೆ, ಬೆರಳಿನಿಂದ ತಟ್ಟಬೇಕು. ಸದ್ದಿಲ್ಲದ ವಸ್ತುವಾದ್ದರಿಂದ ಕಣ್ಣೆದುರಿಗೇ ಇಡಬೇಕು. ಕಾಗದದ ಹಿಂದೆ ಮರೆಯಾದರೆ ಇದ್ದೂ ಇಲ್ಲದಂತೆ.

ನನಗೆ ಬಹಳ ಇಷ್ಟವಾದ ಗುಣ ಮರಳು ಬೀಳುವ ರೀತಿ. ತಳ ತೂತಾದ ಕೊಡದಿಂದ ನೀರು ಮೊದಲು ರಭಸವಾಗಿ, ಮಟ್ಟ ಇಳಿದಂತೆ ನಿಧಾನವಾಗಿ ಸುರಿಯುತ್ತದೆ. ಮರಳು ಹಾಗಲ್ಲ. ಕಣಗಳು ಒಂದಕ್ಕೊಂದು ಆತುಕೊಂಡು ಭಾರದ ಒಂದು ಪಾಲನ್ನು ಗಾಜಿನ ಗೋಡೆಗೆ ಹೊರಿಸುತ್ತವೆ. ಮೇಲೆ ರಾಶಿ ಇರಲಿ, ಹಿಡಿಯಷ್ಟಿರಲಿ, ಬೀಳುವ ವೇಗ ಹೆಚ್ಚುಕಡಿಮೆ ಒಂದೇ. ಗಂಜ್ ಎಂಬ ಧಾನ್ಯ ಪೇಟೆಯ ದಾಲ್ ಮಿಲ್ಲಿನಲ್ಲಿರುವ ನನ್ನ ತಮ್ಮ, ತೊಗರಿ ಸುರಿಯುವುದೂ ಹೀಗೆಯೇ ಎಂದ. ಹಾಗಾಗಿ ಉಳಿದ ಮರಳನ್ನು ನೋಡಿ ಉಳಿದ ಸಮಯವನ್ನು ನಂಬಬಹುದು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕೊಳ್ಳುವವರು ಮೂರು ನಿಮಿಷದ್ದನ್ನೋ ಐದು ನಿಮಿಷದ್ದನ್ನೋ ತರಬೇಡಿ. ಪೆಟ್ಟಿಗೆಗಳು ನೋಡಲು ಒಂದೇ ಥರ ಇರುತ್ತವೆ. ಅಂಗಡಿಯಲ್ಲೇ ಎರಡೂ ಬದಿಗೆ ತಿರುಗಿಸಿ ಪೂರ್ತಿ ಬೀಳುವವರೆಗೆ ನೋಡಿ. ನಾನು ನಾಲ್ಕನ್ನು ಬಿಟ್ಟು ಐದನೆಯದನ್ನು ಆರಿಸಿದೆ, ಅಂಗಡಿಯವರು ಅಷ್ಟು ಹೊತ್ತು ಬೇಸರಿಸದೆ ಕಾದರು.